ಕಣ್ಣು ಕಟ್ಟಿದವನಿಗೆ ದೀಪವೇಕೆ?

ಮೂಡಲಗಿಯ ಹೊರಗಿನ ಒಂದು ತೋಟದ ಮನೆ. ಸಂಜೆ ಆರು ಗಂಟೆ. ಕಬ್ಬಿಗೆ ನೀರು ಹಾಯಿಸಿ ಬಂದ ತಂದೆ ಕೈಕಾಲು ತೊಳೆದು ಪಡಸಾಲೆಗೆ ಕಾಲಿಟ್ಟರೆ, ಆರನೆಯ ತರಗತಿಯ ಮಗ ಎರಡೂ ಕೈಗಳ ಬೆರಳುಗಳನ್ನು ವಿಚಿತ್ರವಾಗಿ ಹೆಣೆದು, ಕಣ್ಣು ಮುಚ್ಚಿ, ಏನನ್ನೋ ಗುನುಗುತ್ತ ನಿಂತಿದ್ದಾನೆ.

"ಏನೋ ತಮ್ಮಾ ಇದು?"

"ಚಕ್ರ ಕೂಡಿಸಾಕತ್ತೀನಿ ಅಪ್ಪಾ. ಆಮ್ಯಾಲ ನನ್ನಂಗ ಹತ್ತ ಮಂದಿ ಬರ್ತಾರ."

"ಬರ್ಲಿ ಬರ್ಲಿ. ಎಲ್ಲಾರೂ ಕೂಡಿ ಕಬ್ಬಿನ ರವದಿ ತಗೀರಿ" ಎಂದು ತಂದೆ ನಕ್ಕು ಒಳಗೆ ಹೋದರು.

ಹುಡುಗನ ತಲೆಯಲ್ಲಿ ಕುಳಿತಿದ್ದವನು ನರುಟೊ. ಜಪಾನಿನ ಚಿತ್ರಕಥೆಗಾರ ಮಸಾಶಿ ಕಿಶಿಮೊಟೊ ಸೃಷ್ಟಿಸಿದ ಬಾಲಕ. ಜಪಾನೀಯರು ಚಿತ್ರಕಥೆಯ ಪುಸ್ತಕವನ್ನು 'ಮಾಂಗಾ' ಎನ್ನುತ್ತಾರೆ. ಅದೇ ಕಥೆ ಪರದೆಯ ಮೇಲೆ ಓಡಾಡತೊಡಗಿದರೆ ಅದು 'ಅನಿಮೆ'. 'ನರುಟೊ' 1999ರಲ್ಲಿ ಒಂದು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಆರಂಭವಾಗಿ 2014ರವರೆಗೆ ನಡೆಯಿತು. ಒಟ್ಟು 72 ಸಂಪುಟಗಳಾದವು. 2002ರಲ್ಲಿ ಟಿವಿಗೆ ಬಂತು. ಆ ಹುಡುಗನಿಗೆ ತಂದೆ ತಾಯಿ ಇಲ್ಲ. ಅವನು ಹಸುಗೂಸಾಗಿದ್ದಾಗಲೇ, ಊರನ್ನು ಹಾಳುಮಾಡುತ್ತಿದ್ದ ಒಂಬತ್ತು ಬಾಲದ ನರಿಯೊಂದನ್ನು ಅವನ ಮೈಯೊಳಗೆ ಬಂಧಿಸಿ ಇಟ್ಟಿದ್ದಾರೆ. ಹೀಗಾಗಿ ಊರವರು ಅವನನ್ನು ದೂರ ಇಡುತ್ತಾರೆ. ಅವನಿಗೋ ಒಂದು ದಿನ ಅದೇ ಊರಿನ ಹಿರಿಯನಾಗಬೇಕೆಂಬ ಛಲ. ಅವನೂ ಅವನ ಗೆಳೆಯರೂ ಬೆರಳು ಹೆಣೆದು ಕೂಡಿಸುವ ಶಕ್ತಿಯ ಹೆಸರು 'ಚಕ್ರ'. ನಮ್ಮ ಯೋಗಶಾಸ್ತ್ರದ ಈ ಮಾತು ಜಪಾನಿಗೆ ಹೋಗಿ, ವೇಷ ಬದಲಿಸಿ, ಹಿಂದಿ ಮಾತನಾಡುತ್ತ ಮೊಬೈಲಿನ ಮೂಲಕ ಘಟಪ್ರಭೆಯ ದಂಡೆಗೆ ಮರಳಿ ಬಂದಿದೆ!

ಇಂಥ ಕಥೆಗಳಿಂದ ಮಕ್ಕಳು ಕೆಡುತ್ತಾರೆಯೇ? ಪಾಲಕರ ಸಭೆಗಳಲ್ಲಿ ಏಳುವ ಪ್ರಶ್ನೆ ಇದು. ಆದರೆ ಈ ಸೀಮೆಗೆ ಅದ್ಭುತ ಕಥೆ ಹೊಸತಲ್ಲ. ಇದೇ ಮೂಡಲಗಿ ತಾಲ್ಲೂಕಿನ ಕುಲಗೋಡದ ತಮ್ಮಣ್ಣನ ಹೆಸರಿನೊಂದಿಗೆ ಬೆಳೆದ ಆಟ 'ಶ್ರೀಕೃಷ್ಣ ಪಾರಿಜಾತ'. ಗೋಕಾಕ ತಾಲ್ಲೂಕಿನ ಕೌಜಲಗಿ ನಿಂಗಮ್ಮ ಅದನ್ನು ಊರೂರಿಗೆ ಒಯ್ದವರು. ಅದರಲ್ಲಿ ನಾರದ ದೇವಲೋಕದಿಂದ ಹೂವು ತರುತ್ತಾನೆ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಜನಪದದ ಅದ್ಭುತಗಳನ್ನೇ ನಾಟಕ, ಕಾವ್ಯಗಳಾಗಿ ಕಟ್ಟಿ ಜ್ಞಾನಪೀಠದವರೆಗೆ ಹೋದರು. ರಾತ್ರಿಯಿಡೀ ಪಾರಿಜಾತ ನೋಡಿದ ಮಂದಿ ಬೆಳಗಾದ ಮೇಲೆ ಹೂವು ಹುಡುಕುತ್ತ ಆಕಾಶ ನೋಡಲಿಲ್ಲ, ಹೊಲಕ್ಕೆ ಹೋದರು. ನಾರದನ ಪಾತ್ರಧಾರಿ ಬಣ್ಣ ಒರೆಸಿಕೊಂಡು ಅವರೊಂದಿಗೇ ಚಹಾ ಕುಡಿದ. ಆಟ ಆಟವೆಂದು ಇಬ್ಬರಿಗೂ ಗೊತ್ತಿತ್ತು. ಅಂಥ ಕಥೆ ಮನಸ್ಸನ್ನು ಹಿಗ್ಗಿಸುತ್ತದೆಯೇ ಹೊರತು ಕೆಡಿಸುವುದಿಲ್ಲ.

ಈ ಮನೆಗೂ ತೊಂದರೆ ಬಂದದ್ದು ನರುಟೊನಿಂದಲ್ಲ, ಒಂದು ಕರಪತ್ರದಿಂದ. ಗೋಕಾಕದ ಸಂತೆಯಿಂದ ತಂದೆ ತಂದ ಆ ಬಣ್ಣದ ಹಾಳೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಪುಸ್ತಕ ಓದುತ್ತಿರುವ ಬಾಲಕಿಯ ಚಿತ್ರವಿತ್ತು. 'ಮಿಡ್‌ಬ್ರೈನ್ ಆಕ್ಟಿವೇಷನ್' ಎಂದು ದಪ್ಪ ಅಕ್ಷರ. ನಿಮ್ಮ ಮಗುವಿನ ಮಲಗಿರುವ ಮಧ್ಯಮಿದುಳನ್ನು ಎಬ್ಬಿಸುತ್ತೇವೆ, ಕಣ್ಣು ಮುಚ್ಚಿಯೇ ಓದುತ್ತದೆ, ಪರೀಕ್ಷೆಯಲ್ಲಿ ಮೊದಲ ಸ್ಥಾನ ಗಟ್ಟಿ ಎಂಬ ಭರವಸೆ. ಕಬ್ಬಿನ ಬಿಲ್ಲಿನಲ್ಲಿ ಬಂದ ಹಣದ ಒಂದು ಪಾಲು ಫೀಸಾಗಿ ಹೋಯಿತು. ಮಗನ ನರುಟೊವನ್ನು ನಕ್ಕು ತಳ್ಳಿಹಾಕಿದ್ದ ತಂದೆ, ಅಚ್ಚಾದ ಹಾಳೆಯನ್ನು ನಂಬಿದರು. ಅವರನ್ನು ಹೇಗೆ ದೂರುವುದು? ತಾವು ಓದಲಾಗದ್ದನ್ನು ಮಗ ಓದಲಿ ಎಂಬ ಆಸೆಯೇ ಅವರ ಕಣ್ಣಿಗೆ ಪಟ್ಟಿ ಕಟ್ಟಿತ್ತು.

ಕೆಲವು ಭಾನುವಾರಗಳ ನಂತರ ಹುಡುಗ ನಿಜಕ್ಕೂ ಓದತೊಡಗಿದ! ಕಪ್ಪು ಪಟ್ಟಿ ಕಟ್ಟಿಕೊಂಡು ನೋಟಿನ ಮೇಲಿನ ಸಂಖ್ಯೆ ಹೇಳಿದ. ಬಣ್ಣದ ಚೆಂಡುಗಳನ್ನು ಬೇರೆ ಬೇರೆ ಮಾಡಿದ. ತಂದೆಯ ಹಿಗ್ಗು ಹೇಳತೀರದು. ಬಂದವರ ಮುಂದೆಲ್ಲ ಮಗನನ್ನು ಕೂಡಿಸಿ ಓದಿಸುವುದೇ ಕೆಲಸವಾಯಿತು.

ಪಂಚಮಿ ಹಬ್ಬ ಬಂತು. ಹುಕ್ಕೇರಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಹತ್ತನೆಯ ತರಗತಿ ಓದುತ್ತಿದ್ದ ಮಗಳೂ ಮನೆಗೆ ಬಂದಳು. ಉಂಡಿಯ ತಾಟಿನ ಸುತ್ತ ಬೀಗರು, ನೆರೆಯವರು ಸೇರಿದ್ದರು. ಹುಡುಗನ ಕಣ್ಣಿಗೆ ಪಟ್ಟಿ ಬಿಗಿಯಲಾಯಿತು. ಎರಡು ಚೀಟಿ ಓದಿ ಮೂರನೆಯದನ್ನು ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಕರೆಂಟು ಹೋಯಿತು. ಮನೆಯೆಲ್ಲ ಕತ್ತಲೆ.

"ಓದೋ ತಮ್ಮಾ" ಎಂದರು ಯಾರೋ.

"ತಡೀರಿ, ಲೈಟ್ ಬರ್ಲಿ" ಎಂದ ಹುಡುಗ.

ಮೂಲೆಯಲ್ಲಿದ್ದ ಆಯಿ ಬೊಚ್ಚು ಬಾಯಲ್ಲಿ ನಕ್ಕಳು. "ಅಯ್ಯ! ಕಣ್ಣ ಕಟ್ಟಿದಾಂವಗ ಲೈಟ್ ಯಾಕ ಬೇಕೋ ಯಪ್ಪಾ?"

ಎಲ್ಲರೂ ನಕ್ಕರು. ತಂದೆಯೂ ನಕ್ಕರು, ಆದರೆ ಆ ನಗೆ ಅರ್ಧಕ್ಕೇ ನಿಂತಿತು. ಅಕ್ಕ ಮಾತ್ರ ನಗಲಿಲ್ಲ.

ಮರುದಿನ ಬೆಳಿಗ್ಗೆ ಅವಳು ತಮ್ಮನನ್ನು ಹಿತ್ತಲಿಗೆ ಕರೆದಳು, ಬೇರೆ ಯಾರನ್ನೂ ಕರೆಯಲಿಲ್ಲ. ಹತ್ತು ಚೀಟಿಗಳ ಮೇಲೆ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು ಬರೆದಳು. ಪಟ್ಟಿ ಕಟ್ಟಿ, ಪ್ರತಿಸಲ ಎಲ್ಲ ಚೀಟಿ ಕಲಸಿ, ಒಂದನ್ನು ಎತ್ತಿ ಅವನ ಕೈಗೆ ಕೊಟ್ಟಳು. ಹೀಗೆ ಹತ್ತು ಸಲ. ಹತ್ತೂ ಸರಿ. ಆಮೇಲೆ ಒಂದು ರಟ್ಟನ್ನು ಅವನ ಮೂಗಿನ ಕೆಳಗೆ ತಾಟಿನಂತೆ ಅಡ್ಡ ಹಿಡಿದು ಮತ್ತೆ ಹತ್ತು ಸಲ ಕೇಳಿದಳು. ಈ ಸಲ ಒಂದೇ ಸರಿ. ಹತ್ತು ಅಂಕಿಗಳಲ್ಲಿ ಒಂದನ್ನು ಊಹಿಸಿ ಹತ್ತು ಸಲ ಹೇಳಿದರೆ ಸರಾಸರಿ ಒಂದು ಸರಿಯಾಗುವುದು ಸಹಜ; ಅದಕ್ಕೆ ಯಾವ ಶಕ್ತಿಯೂ ಬೇಡ. ಚೀಟಿ, ಪಟ್ಟಿ, ಹುಡುಗ ಎಲ್ಲ ಅದೇ. ಬದಲಾದದ್ದು ರಟ್ಟು ಒಂದೇ. ವಿಜ್ಞಾನದಲ್ಲಿ ಪ್ರಯೋಗವೆಂದರೆ ಇದೇ: ಒಂದನ್ನು ಮಾತ್ರ ಬದಲಿಸು, ಫಲ ಬದಲಾಗುತ್ತದೆಯೇ ನೋಡು.

ಗುಟ್ಟು ಮೂಗಿನ ಪಕ್ಕದಲ್ಲಿತ್ತು. ಎಷ್ಟೇ ಬಿಗಿಯಾಗಿ ಪಟ್ಟಿ ಕಟ್ಟಿದರೂ ಮೂಗು ಎತ್ತರವಾಗಿರುವುದರಿಂದ ಅದರ ಎರಡೂ ಬದಿಗೆ ಸಣ್ಣ ಸಂದು ಉಳಿಯುತ್ತದೆ. ಬೆಳಕು ಸರಳರೇಖೆಯಲ್ಲಿ ಆ ಸಂದಿನಿಂದ ಒಳಬರುತ್ತದೆ. ಚೀಟಿಯನ್ನು ಎದೆಯ ಬಳಿ ಹಿಡಿದು, ತಲೆಯನ್ನು ಕೊಂಚ ಹಿಂದಕ್ಕೆ ವಾಲಿಸಿದರೆ ಯಾರು ಬೇಕಾದರೂ ಓದಬಹುದು. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಈ ಗುಟ್ಟನ್ನು ಜನರ ಮುಂದೆ ಮಾಡಿ ತೋರಿಸಿದವರು. ಇನ್ನು ಮಧ್ಯಮಿದುಳು ಎಂಬುದು ಮಿದುಳುಕಾಂಡದ ಒಂದು ಚಿಕ್ಕ ಭಾಗ. ಕಣ್ಣುಗುಡ್ಡೆಯನ್ನು ಹೊರಳಿಸುವುದು, ಬೆಳಕಿಗೆ ಪಾಪೆಯನ್ನು ಕಿರಿದಾಗಿಸುವುದು, ಶಬ್ದ ಬಂದತ್ತ ತಲೆ ತಿರುಗಿಸಲು ನೆರವಾಗುವುದು ಅದರ ಕೆಲಸಗಳಲ್ಲಿ ಕೆಲವು. ಅದು ಹುಟ್ಟಿನಿಂದ ಎಲ್ಲರಲ್ಲೂ ಎಚ್ಚರವಾಗಿಯೇ ಇದೆ. ಯಾರೂ ಫೀಸು ಪಡೆದು ಎಬ್ಬಿಸಬೇಕಾಗಿಲ್ಲ.

ಇದು ಮೂಡಲಗಿಯ ಒಂದು ಮನೆಯ ಕಥೆ ಮಾತ್ರವಲ್ಲ. ನರುಟೊನ ನಾಡಿನಲ್ಲೇ 1974ರಲ್ಲಿ ಹೀಗಾಗಿತ್ತು. ಯೂರಿ ಗೆಲ್ಲರ್ ಎಂಬಾತ ಜಪಾನಿನ ಟಿವಿಯಲ್ಲಿ ಮನೋಬಲದಿಂದ ಚಮಚ ಬಾಗಿಸುತ್ತೇನೆಂದು ತೋರಿಸಿದ್ದೇ ತಡ, ದೇಶದ ತುಂಬ ಚಮಚ ಬಾಗಿಸುವ ಮಕ್ಕಳು ಕಾಣಿಸಿಕೊಂಡರು. ಕೊನೆಗೆ ಒಂದು ವಾರಪತ್ರಿಕೆ ಅಂಥ ಹುಡುಗನೊಬ್ಬನ ಛಾಯಾಚಿತ್ರಗಳನ್ನು ಸಾಲಾಗಿ ತೆಗೆದು, ಚಮಚ ಬಾಗುತ್ತಿದ್ದುದು ಮೈಬಲದಿಂದಲೇ ಎಂದು ತೋರಿಸಿತು. 1979ರಲ್ಲಿ ಚೀನದ ಸಿಚುವಾನ್ ಪ್ರಾಂತದಲ್ಲಿ ಕಿವಿಯಿಂದ ಓದುವ ಬಾಲಕನ ಸುದ್ದಿ ಹಬ್ಬಿತು. ಪರೀಕ್ಷಿಸಿದವರಿಗೆ ಅವನು ಕದ್ದು ನೋಡುವುದು ಕಂಡಿತು.

ನಮ್ಮ ರಾಜ್ಯದ ಪಾಂಡವಪುರದಲ್ಲೂ ಮೈಯಿಂದ ವಿಭೂತಿ ಉದುರಿಸುವ ಚಿಕ್ಕ ಬಾಲಕನೊಬ್ಬನಿದ್ದ. ಜನ ಸಾಲುಗಟ್ಟಿ ಕೈಮುಗಿಯುತ್ತಿದ್ದರು. ಆಗ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು ಭೌತಶಾಸ್ತ್ರದ ಮೇಷ್ಟ್ರು ಡಾ. ಎಚ್. ನರಸಿಂಹಯ್ಯನವರು. ಪವಾಡಗಳನ್ನು ಪರಿಶೀಲಿಸಲು 1976ರಲ್ಲಿ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ರಚನೆಯಾಯಿತು. ಸಮಿತಿ ಅದೇ ವರ್ಷ ಪಾಂಡವಪುರಕ್ಕೆ ಹೋಗಿ ನೋಡಿದಾಗ ವಿಭೂತಿ ಬಾಲಕನ ಬಟ್ಟೆಯೊಳಗೆ ಬಚ್ಚಿಟ್ಟದ್ದೆಂದು ತಿಳಿಯಿತು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ ಎಂದು 42ನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ್ದೂ 1976ರಲ್ಲೇ.

ಜಪಾನ್, ಚೀನ, ಪಾಂಡವಪುರ, ಮೂಡಲಗಿ. ಎಲ್ಲ ಕಡೆಯೂ ಒಂದು ಮಾತು ಒಂದೇ. ಮಗುವಿಗೆ ಕೀರ್ತಿ ಬೇಕಾಗಿರಲಿಲ್ಲ, ಸುತ್ತಲಿನ ದೊಡ್ಡವರಿಗೆ ಅದ್ಭುತ ಬೇಕಾಗಿತ್ತು. ಹಿತ್ತಲಿನಲ್ಲಿ ರಟ್ಟು ಕೆಳಗಿಟ್ಟ ಅಕ್ಕ ತಮ್ಮನನ್ನು ಕೇಳಿದ್ದು ಒಂದೇ ಪ್ರಶ್ನೆ: "ಸಂದ್ಯಾಗಿಂದ ಕಾಣತೈತಿ ಅಂತ ಮೊದಲ ಯಾಕ ಹೇಳಲಿಲ್ಲೋ?"

ಹುಡುಗ ನೆಲ ನೋಡುತ್ತ ಹೇಳಿದ: "ಕ್ಲಾಸಿನ್ಯಾಗ ಎಲ್ಲಾ ಹುಡುಗೂರೂ ಓದತಿದ್ರು ಅಕ್ಕಾ. ನನಗೊಬ್ಬನಿಗೇ ಶಕ್ತಿ ಬಂದಿಲ್ಲ ಅಂದ್ಕೊಂಡಿದ್ದೆ. ಆಮ್ಯಾಲ... ಅಪ್ಪಗ ಭಾಳ ಖುಷಿ ಆಗಿತ್ತು."

ಬಾಗಿಲ ಮರೆಯಲ್ಲಿ ನಿಂತಿದ್ದ ತಂದೆ ಈ ಮಾತು ಕೇಳಿಸಿಕೊಂಡರು. ಬೈಯಲಿಲ್ಲ, ಹೊಡೆಯಲಿಲ್ಲ. ಹೋದದ್ದು ಬರೀ ಹಣವಾಗಿದ್ದರೆ ಮುಂದಿನ ಹಂಗಾಮಿನಲ್ಲಿ ದುಡಿಯಬಹುದಿತ್ತು. ಮಗ ತನ್ನನ್ನು ಸಂತೋಷಪಡಿಸಲು ತಿಂಗಳುಗಟ್ಟಲೆ ಸುಳ್ಳು ಹೇಳಿದ್ದ, ಆ ಸುಳ್ಳಿಗೆ ತಾನೇ ಫೀಸು ಕಟ್ಟಿದ್ದೆ ಎಂಬುದು ಅವರನ್ನು ಚುಚ್ಚಿತು. ಆ ದಿನ ಹುಡುಗ ಪಟ್ಟಿಯನ್ನು ಒಲೆಗೆ ಹಾಕಲು ಹೋದಾಗ ಅಕ್ಕ ಕಸಿದುಕೊಂಡಳು. ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಆ ಪಟ್ಟಿಯನ್ನೂ ರಟ್ಟನ್ನೂ ಇಟ್ಟು ಎಲ್ಲರಿಗೂ ಗುಟ್ಟು ತೋರಿಸು ಎಂದಳು.

ಹಬ್ಬದ ಮರುವಾರ ತಂದೆ ಮಕ್ಕಳಿಬ್ಬರನ್ನೂ ಗೋಕಾಕ ಫಾಲ್ಸಿಗೆ ಕರೆದೊಯ್ದರು. ಮಳೆಗಾಲದ ಘಟಪ್ರಭೆ ಕೆಂಪಾಗಿ, ಸುಮಾರು 52 ಮೀಟರ್ ಎತ್ತರದಿಂದ ಧುಮ್ಮಿಕ್ಕುತ್ತಿತ್ತು. ಇಲ್ಲಿ 1885ರಲ್ಲಿ ಹುಟ್ಟಿದ ನೂಲಿನ ಗಿರಣಿ 1887ರ ಹೊತ್ತಿಗೇ ಈ ಬೀಳುವ ನೀರಿನ ಬಲವನ್ನು ದುಡಿಮೆಗೆ ಹೂಡಿತ್ತು. ಅಕ್ಕ ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿ ತೋರಿಸಿದಳು. ಒಂದು ಲೀಟರ್ ನೀರಿನ ರಾಶಿ ಒಂದು ಕಿಲೋಗ್ರಾಂ. ಅದನ್ನು 9.8ರಿಂದಲೂ 52ರಿಂದಲೂ ಗುಣಿಸಿದರೆ ಸುಮಾರು 510 ಜೂಲ್ ಶಕ್ತಿ. ಎಲ್ಲೂ ಸೋರಿಹೋಗದೆ ಅಷ್ಟೂ ವಿದ್ಯುತ್ತಾದರೆ, ಒಂದು ಲೀಟರ್ ನೀರು 9 ವ್ಯಾಟಿನ ಬಲ್ಬನ್ನು 56 ಸೆಕೆಂಡು ಉರಿಸಬಲ್ಲದು! ಒಂದು ತಂಬಿಗೆ ನೀರಿನಲ್ಲಿ ಇಷ್ಟೊಂದು ಅಡಗಿದೆಯೇ ಎಂದು ಹುಡುಗ ಬಾಯಿ ತೆರೆದ.

ಇದೇ ಹೊಳೆಗೆ ಮೇಲೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಅಣೆಕಟ್ಟು ಇದೆ. ಅದೇ ಹುಕ್ಕೇರಿಯಲ್ಲಿ 1969ರಲ್ಲಿ ಹಳ್ಳಿಯ ಜನ ಕೂಡಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡು ಮನೆಮನೆಗೆ ಕರೆಂಟು ತಂದರು. ಕಣ್ಣಿಗೆ ಕಾಣದ ಶಕ್ತಿಯೆಂದರೆ ಇದೂ ಕಾಣದ ಶಕ್ತಿಯೇ. ಆದರೆ ನಂಬಿದವನ ಮನೆಯಲ್ಲಿ ಉರಿದು ನಂಬದವನ ಮನೆಯಲ್ಲಿ ಆರುವುದಿಲ್ಲ. ಯಾರು ಗುಂಡಿ ಒತ್ತಿದರೂ ಅದು ಪರೀಕ್ಷೆಗೆ ನಿಲ್ಲುತ್ತದೆ.

ಪಾಲಕರು ಮಕ್ಕಳಿಂದ ಕಥೆಗಳನ್ನು ಕಸಿಯಬೇಕಾಗಿಲ್ಲ. ಕಥೆಯನ್ನು ಸತ್ಯವೆಂದು ಮಾರಲು ಬಂದವರನ್ನು ಒಂದು ರಟ್ಟು ಅಡ್ಡ ಹಿಡಿದು ಪರೀಕ್ಷಿಸಿದರೆ ಸಾಕು. ಮಗು 'ನನಗೆ ಬರುವುದಿಲ್ಲ' ಎಂದರೆ ಅದನ್ನು ಸಮಾಧಾನದಿಂದ ಕೇಳುವ ಕಿವಿ ಮನೆಯಲ್ಲಿರಬೇಕು. ವಿದ್ಯಾರ್ಥಿಗಳೂ ಅಷ್ಟೇ: ಎಲ್ಲರಿಗೂ ಕಂಡದ್ದು ನಿಮಗೊಬ್ಬರಿಗೆ ಕಾಣದಿದ್ದರೆ ಹಾಗೆಂದೇ ಹೇಳಿ, ನಾಚಿಕೆ ಬೇಡ.

ಹುಡುಗ ಈಗಲೂ ನರುಟೊ ನೋಡುತ್ತಾನೆ. ಆದರೆ ಈಗ ಅವನಿಗೆ ಹೆಚ್ಚು ಇಷ್ಟವಾಗಿರುವವನು ಅದೇ ಕಥೆಯ ರಾಕ್ ಲೀ. ಆ ಹುಡುಗನಿಗೆ ಮಾಯಾವಿದ್ಯೆ ಒಲಿಯುವುದಿಲ್ಲ. ದಿನಾಲೂ ಸಾಧನೆ ಮಾಡಿ, ಬಿದ್ದು, ಎದ್ದು, ಬರೀ ಮೈಬಲದಿಂದಲೇ ಗಟ್ಟಿಗನಾಗುತ್ತಾನೆ.

"ಇಂವಾ ಛಲೋ ಅದಾನ" ಎಂದು ತಂದೆಯೂ ಒಂದು ಸಂಜೆ ಪಕ್ಕದಲ್ಲಿ ಕುಳಿತು ನೋಡಿದರು. ಮುಗಿದ ಮೇಲೆ ಇಬ್ಬರೂ ಎದ್ದು ತೋಟಕ್ಕೆ ಹೋದರು. ರವದಿ ತೆಗೆಯುವುದು ಇನ್ನೂ ಬಾಕಿಯಿತ್ತು.