ಎಂಜಿನ್ ನಿಂತ ಮೇಲೆ

ದಾಳವೆಂದೊಡನೆ ಕನ್ನಡದ ಅಧ್ಯಾಪಕನಿಗೆ ನೆನಪಾಗುವುದು ಧರ್ಮರಾಯನ ಪಾಡೇ ಹೊರತು ಅಂತರಿಕ್ಷಯಾನವಲ್ಲ. ಆದರೆ ಕಳೆದ ಬೇಸಿಗೆಯ ರಜೆಯಲ್ಲಿ ನನ್ನ ಅಕ್ಕನ ಮಗ ಮೂವರು ಗೆಳೆಯರೊಡನೆ ಬಂದು, ನಮ್ಮ ಊಟದ ಮೇಜಿನ ಮೇಲೆ ಎರಡು ದಾಳಗಳನ್ನಿಟ್ಟು, "ಮಾವ, ನಮಗೊಬ್ಬ ರೆಫರೀ ಬೇಕು. ಕಥೆ ಹೇಳುವುದಕ್ಕೆ ನಿಮಗಿಂತ ಯೋಗ್ಯರು ಯಾರಿದ್ದಾರೆ?" ಎಂದ. ಹೊಗಳಿಕೆಗೆ ಮರುಳಾಗದ ಅಧ್ಯಾಪಕನನ್ನು ನಾನಿನ್ನೂ ಕಂಡಿಲ್ಲ. ಒಪ್ಪಿಕೊಂಡೆ.

ಆಟದ ಹೆಸರು ಟ್ರಾವೆಲರ್. ಅಮೆರಿಕದ ಮಾರ್ಕ್ ಮಿಲ್ಲರ್ ರಚಿಸಿದ ಇದು 1977ರಲ್ಲಿ ಪ್ರಕಟವಾಯಿತು. ನಮ್ಮ ಪಗಡೆಯಂತೆ ಇದರಲ್ಲಿ ಕಾಯಿ ಹಣ್ಣಾಗುವುದಿಲ್ಲ. ಒಬ್ಬೊಬ್ಬ ಆಟಗಾರನೂ ಒಂದೊಂದು ಪಾತ್ರವಾಗಿ, "ನಾನೀಗ ಇಂಥದನ್ನು ಮಾಡುತ್ತೇನೆ" ಎನ್ನಬೇಕು; ಅದರ ಫಲವನ್ನು ರೆಫರೀ ಹೇಳಬೇಕು; ಸಂದೇಹ ಬಂದಲ್ಲಿ ದಾಳ ಹೇಳುತ್ತದೆ. ಮೊದಲ ಆವೃತ್ತಿಯಲ್ಲಂತೂ ಪಾತ್ರದ ಪೂರ್ವಚರಿತ್ರೆಯನ್ನು ದಾಳದಿಂದ ನಿಶ್ಚಯಿಸುವಾಗಲೇ, ಎಂದರೆ ಆಟ ತೊಡಗುವ ಮೊದಲೇ, ಪಾತ್ರ ಸತ್ತುಹೋಗುವ ಸಂಭವವಿತ್ತು!

ಆರನೆಯ ಭಾನುವಾರ ನಾಲ್ವರೂ ನೀರೇ ತುಂಬಿದ ಒಂದು ಗ್ರಹದಲ್ಲಿದ್ದರು. ರೋಗ ಹಬ್ಬಿದ ದ್ವೀಪವೊಂದಕ್ಕೆ ಹೋವರ್‌ಕ್ರಾಫ್ಟಿನಲ್ಲಿ ಔಷಧದ ಪೆಟ್ಟಿಗೆಗಳನ್ನು ಸಾಗಿಸುತ್ತಿದ್ದರು. ಚಾಲಕನಾದ ನನ್ನ ಅಳಿಯ ದಾಳ ಎಸೆದ. 8 ಬೇಕಿತ್ತು, ಬಿದ್ದದ್ದು 3.

"ಎಂಜಿನ್ ನಿಂತಿತು, ವಾಹನ ಮುಳುಗಿತು, ಎಲ್ಲರೂ ಸತ್ತಿರಿ," ಎಂದು ನಾನು ಗಂಭೀರವಾಗಿ ಸಾರಿದೆ.

ಅವರಲ್ಲಿ ವೈದ್ಯನ ಪಾತ್ರ ವಹಿಸಿದವನು ಬಹಳ ಸಂಕೋಚದ ಹುಡುಗ. ಮೊದಲ ಮೂರು ವಾರ ಬಾಯಿಯನ್ನೇ ಬಿಟ್ಟವನಲ್ಲ. ಆ ವೈದ್ಯನ ಮರೆಯಲ್ಲಿ ನಿಂತು ಈಚೆಗಷ್ಟೇ ಮಾತು ಕಲಿತಿದ್ದ. ಅವನು ತನ್ನ ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟು, "ಬರುತ್ತೇನೆ ಸರ್," ಎಂದು ಎದ್ದುಹೋದ.

"ಎಂಜಿನ್ ನಿಂತ ಮಾತ್ರಕ್ಕೆ ಹೋವರ್‌ಕ್ರಾಫ್ಟ್ ಮುಳುಗುತ್ತದೆಯೆ ಮಾವ?" ಎಂದು ಅಳಿಯ ಕೇಳಿದ.

"ಇಲ್ಲಿ ರೆಫರೀ ನಾನು," ಎಂದೆ. ಉತ್ತರ ತಿಳಿಯದಾಗ ತರಗತಿಯಲ್ಲಿ ಬಳಸುವ ದನಿಯೇ ಅದು.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಬಾಲ್ಯದಲ್ಲಿ ಅಜ್ಜಿಯ ಊರಿಗೆ ಹೋಗಲು ಹಿನ್ನೀರು ದಾಟಬೇಕಿತ್ತು. ಒಮ್ಮೆ ಯಂತ್ರದ ದೋಣಿ ನಡುನೀರಿನಲ್ಲಿ ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು. ಹೆಂಗಸರು ದೇವರನ್ನು ಕೂಗಿದರು, ಗಂಡಸರು ಎದ್ದು ನಿಂತರು. ಮುದುಕ ಅಂಬಿಗ ಮಾತ್ರ ದನಿಯೇರಿಸದೆ, "ಯಾರೂ ಏಳಬೇಡಿ. ಸತ್ತಿರುವುದು ಎಂಜಿನ್ನು, ದೋಣಿಯಲ್ಲ," ಎಂದು ಹುಟ್ಟು ಕೈಗೆತ್ತಿಕೊಂಡ.

ಮರುದಿನ ಪುಸ್ತಕಗಳನ್ನು ತಿರುವಿದೆ. ಹೋವರ್‌ಕ್ರಾಫ್ಟನ್ನು ರೂಪಿಸಿದ ಇಂಗ್ಲೆಂಡಿನ ಕ್ರಿಸ್ಟೋಫರ್ ಕಾಕರೆಲ್, ಒಂದು ಡಬ್ಬಿಯೊಳಗೊಂದು ಡಬ್ಬಿಯಿಟ್ಟು ನಡುವಿನ ಸಂದಿಯಲ್ಲಿ ಗಾಳಿಯೂದಿ ತನ್ನ ತತ್ತ್ವವನ್ನು ಪರೀಕ್ಷಿಸಿದನಂತೆ. ಗಾಳಿಯ ಮೆತ್ತೆಯ ಮೇಲೆ ಓಡುವ ಈ ವಾಹನದ ಅಡಿಯಲ್ಲಿ ನೀರು ಹೊಗದ ಕೋಶಗಳಿರುತ್ತವೆ. ಗಾಳಿಯೂದುವ ಫ್ಯಾನು ನಿಂತರೆ ಸುತ್ತಲಿನ ರಬ್ಬರಿನ ಲಂಗ ಕುಸಿದು, ಒಡಲು ನೀರಿನ ಮೇಲೆ ಕೂರುತ್ತದೆ. ವಾಹನ ಒಂದು ಸೋಮಾರಿ ದೋಣಿಯಾಗುತ್ತದೆ, ಅಷ್ಟೆ. ಅಪಾಯ ಬೇರೆ ಕಡೆಯಿದೆ. ವೇಗದಲ್ಲಿರುವಾಗ ಮೂತಿ ನೀರಿಗೆ ಕಚ್ಚಿಕೊಂಡರೆ, ಗಾಳಿ ಅಲೆಗಳು ಮೇಲೆ ಬಿದ್ದರೆ, ಮಗುಚಬಹುದು. 1972ರ ಮಾರ್ಚಿಯಲ್ಲಿ ಇಂಗ್ಲೆಂಡಿನ ಸೌತ್‌ಸೀ ತೀರದ ಬಳಿ ಹಾಗೆ ಮಗುಚಿ 5 ಜನ ಸತ್ತರು. ಟ್ರಾವೆಲರ್ ಆಟದಲ್ಲೇ ಬರುವ ಏರ್-ರಾಫ್ಟಿನ ಸಂಗತಿ ಇನ್ನೂ ಬೇರೆ: ಅದು ಗುರುತ್ವಾಕರ್ಷಣೆಯನ್ನೇ ಮೀರಿ ಮೇಲೆ ಹಾರುವಂಥದು, ಶಕ್ತಿ ಕೈಕೊಟ್ಟರೆ ಕಲ್ಲಿನಂತೆ ಬೀಳುತ್ತದೆ, ಎತ್ತರದಿಂದ ಬಿದ್ದವನಿಗೆ ನೀರೂ ನೆಲವೇ.

ಎಂದಮೇಲೆ ತೀರ್ಪಿಗೆ ಮುನ್ನ ರೆಫರೀ ಕೇಳಬೇಕಾದ ಪ್ರಶ್ನೆಗಳು ನಾಲ್ಕು: ಎಷ್ಟು ಎತ್ತರ? ಎಷ್ಟು ವೇಗ? ಒಡಲು ತೇಲುವಂಥದೆ? ಗಾಳಿ ಅಲೆಗಳು ಹೇಗಿವೆ? ನಾನು ಒಂದನ್ನೂ ಕೇಳಿರಲಿಲ್ಲ. ದಾಳ ಹೇಳಿದ್ದು ಎಂಜಿನ್ ನಿಂತಿತೆಂದು ಮಾತ್ರ, ಕೊಂದವನು ನಾನು.

"ನಿನ್ನ ಗೆಳೆಯನಿಗೆ ಹೇಳು, ಅವನ ವೈದ್ಯ ಬದುಕಿದ್ದಾನೆ. ಮಾವ ತಪ್ಪು ಹೇಳಿದರು ಅನ್ನು," ಎಂದು ಅಳಿಯನ ಕೈಯಲ್ಲಿ ಹೇಳಿಕಳುಹಿಸಿದೆ. ಮೂವತ್ತು ದಾಟಿದ ಅಧ್ಯಾಪಕನಿಗೆ ಆ ಎರಡನೆಯ ವಾಕ್ಯ ಸುಲಭವಾಗಿರಲಿಲ್ಲ.

ಭಾನುವಾರ ಹುಡುಗ ಬಂದ. ಮಡಿಸಿದ ಹಾಳೆಯನ್ನು ಬಿಡಿಸಿ ಮೇಜಿನ ಮೇಲಿಟ್ಟು ಅಂಗೈಯಿಂದ ತೀಡಿದ. ನಾನು ಹೇಳಿದೆ: "ಎಂಜಿನ್ ನಿಂತಿದೆ. ವಾಹನ ತೇಲುತ್ತಿದೆ. ಆದರೆ ಎಡ ಬದಿಯಲ್ಲಿ ಸೀಳು ಬಿಟ್ಟು ನೀರು ಒಳಗೆ ಬರುತ್ತಿದೆ. ಏನು ಮಾಡುತ್ತೀರಿ?"

ಒಬ್ಬ ಪೆಟ್ಟಿಗೆಗಳನ್ನು ನೀರಿಗೆಸೆಯೋಣವೆಂದ. ಔಷಧವಿಲ್ಲದೆ ದ್ವೀಪಕ್ಕೆ ಹೋಗಿ ಪ್ರಯೋಜನವೇನೆಂದು ಇನ್ನೊಬ್ಬ ರೇಗಿದ. ಅರ್ಧ ಗಂಟೆ ಜಗಳವಾಯಿತು. ದಾಳವನ್ನು ಯಾರೂ ಮುಟ್ಟಲಿಲ್ಲ. ಕಡೆಗೆ ಸಂಕೋಚದ ಹುಡುಗ ಕೇಳಿದ: "ಸೀಳಿರುವುದು ಎಡಕ್ಕಲ್ಲವೆ ಸರ್? ಪೆಟ್ಟಿಗೆಗಳನ್ನೂ ಬಲಕ್ಕೆ ಸರಿಸಿ, ನಾವೂ ಬಲಕ್ಕೆ ಸರಿದು ಕುಳಿತರೆ, ಎಡಗಡೆ ನೀರಿನಿಂದ ಮೇಲೇಳುವುದಿಲ್ಲವೆ?"

ನಾನು ಬೆರಗಾದೆ. 1959ರ ಜುಲೈ 25ರಂದು ಮೊದಲ ಹೋವರ್‌ಕ್ರಾಫ್ಟ್ ಇಂಗ್ಲಿಷ್ ಕಾಲುವೆಯನ್ನು ದಾಟಿದಾಗ, ಕಾಕರೆಲ್ ಅದರ ಮೇಲೆ ತೂಕ ಸರಿದೂಗಿಸುವ ಕೆಲಸಕ್ಕೇ ನಿಂತಿದ್ದ. ಯಂತ್ರವನ್ನು ಕಂಡುಹಿಡಿದ ಪುಣ್ಯಾತ್ಮನೇ ಅದಕ್ಕೊಂದು ಮರಳಿನ ಮೂಟೆಯಾಗಿದ್ದ! ಆ ಕಥೆಯನ್ನು ಹೇಳಿ, "ಇದಕ್ಕೆ ದಾಳ ಬೇಡ. ಸೀಳು ಮೇಲೆದ್ದಿತು," ಎಂದೆ. ಹುಡುಗನ ಕಿವಿಗಳು ಕೆಂಪಾದುವು. ಪೆಟ್ಟಿಗೆಯ ಹಲಗೆಗಳನ್ನೇ ಹುಟ್ಟು ಮಾಡಿಕೊಂಡು ನಾಲ್ವರೂ ಆ ಸಂಜೆ ದಡ ಸೇರಿದರು.

ರಜೆ ಮುಗಿಯಿತು, ಕಾಲೇಜು ತೆರೆಯಿತು. ಮೊದಲ ವಾರವೇ ಹಳಗನ್ನಡದ ಪದ್ಯವೊಂದನ್ನು ಬಿಡಿಸುತ್ತಿದ್ದ ಹುಡುಗನೊಬ್ಬ ನಡುವೆ ಗಕ್ಕನೆ ನಿಂತ. "ಸಾಕು, ಕೂತುಕೋ," ಎನ್ನಲು ಬಾಯಿ ತೆರೆದಿದ್ದೆ. ಆ ಮಾತು ಅಲ್ಲಿಗೇ ನಿಂತಿತು.

"ಯಾವ ಪದದವರೆಗೆ ಬಂದೆ? ಅಲ್ಲಿಂದ ನೋಡೋಣ," ಎಂದೆ.