ಎರಡು ಕಣ್ಣು, ಒಂದು ನೋಟ

ಸೂಜಿಗೆ ದಾರ ಪೋಣಿಸುವಾಗ ಒಂದು ಕಣ್ಣನ್ನು ಮುಚ್ಚಿಕೊಂಡು ನೋಡಿದವರಿಗೆ ಗೊತ್ತು: ದಾರದ ತುದಿ ಸೂಜಿಯ ಮುಂದೆ ಹೋದೀತು, ಹಿಂದೆ ಹೋದೀತು, ಒಳಗೆ ಮಾತ್ರ ಹೋಗದು. ಇನ್ನೊಂದು ಕಣ್ಣು ತೆರೆದೊಡನೆ ಕೆಲಸ ಸಲೀಸು. ಎರಡು ಕಣ್ಣುಗಳ ನಡುವಣ ಅಂತರ ಸುಮಾರು 6 ಸೆಂಟಿಮೀಟರು. ಅಷ್ಟರಿಂದಲೇ ಅವು ಕಾಣುವ ಚಿತ್ರಗಳಲ್ಲಿ ತುಸು ವ್ಯತ್ಯಾಸ ಬರುತ್ತದೆ. ಆ ವ್ಯತ್ಯಾಸವನ್ನೇ ಹಿಡಿದು ಮೆದುಳು ಆಳವನ್ನು ಅಳೆಯುತ್ತದೆ. 1838ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ಎರಡು ಕನ್ನಡಿಗಳ ಉಪಕರಣವೊಂದರಿಂದ ಇದನ್ನು ತೋರಿಸಿಕೊಟ್ಟರು. ಇಂದು ಹುಡುಗರು ತಲೆಗೆ ಕಟ್ಟಿಕೊಂಡು ಕುಣಿಯುವ ಹೆಡ್‌ಸೆಟ್ಟು ಆ ಉಪಕರಣದ ವಂಶಜನೇ.

ಎಲ್ಲರಿಗೂ ಈ ಭಾಗ್ಯವಿಲ್ಲ. ಅಮೆರಿಕದ ಸೂಸನ್ ಬ್ಯಾರಿಯವರಿಗೆ ಹಸುಳೆತನದಿಂದಲೇ ಮೆಳ್ಳೆಗಣ್ಣು. ಬಾಲ್ಯದಲ್ಲಿ ಮೂರು ಶಸ್ತ್ರಚಿಕಿತ್ಸೆಗಳಾಗಿ ಕಣ್ಣುಗಳು ನೋಡುವವರಿಗೆ ನೆಟ್ಟಗೆ ಕಂಡವು. ಆದರೆ ಅವೆರಡೂ ಕೂಡಿ ನೋಡುವುದನ್ನು ಕಲಿಯಲಿಲ್ಲ. ತನಗೆ ಇಂಥದೊಂದು ಕೊರತೆಯುಂಟೆಂದು ಆಕೆಗೆ ತಿಳಿದದ್ದೂ ಕಾಲೇಜಿನ ಪಾಠವೊಂದರಲ್ಲಿ! ಇಲ್ಲದ್ದನ್ನು ಇಲ್ಲವೆಂದು ತಿಳಿಯುವುದಾದರೂ ಹೇಗೆ? ಎಳವೆಯ ಕಾಲ ಮೀರಿದರೆ ಆಯಿತು, ಇನ್ನು ಉಪಾಯವಿಲ್ಲವೆಂಬುದು ಅಂದಿನ ವಿಜ್ಞಾನದ ಮಾತು. ಬ್ಯಾರಿ ತಾವೇ ನರವಿಜ್ಞಾನದ ಪ್ರಾಧ್ಯಾಪಕಿಯಾದರು, ಅದನ್ನೇ ನಂಬಿದರು.

48ರ ಸುಮಾರಿನಲ್ಲಿ ಅವರು ದೃಷ್ಟಿಯ ವ್ಯಾಯಾಮ ಕೈಗೊಂಡರು. ಸಾಧನವೆಂದರೆ ಬಣ್ಣದ ಮಣಿಗಳನ್ನು ಪೋಣಿಸಿದ ಒಂದು ದಾರ; ಅದರ ತುದಿಯನ್ನು ಮೂಗಿಗೆ ಹಿಡಿದು, ಒಂದೊಂದೇ ಮಣಿಯ ಮೇಲೆ ಎರಡೂ ಕಣ್ಣುಗಳನ್ನು ನಿಲ್ಲಿಸಬೇಕು. 2002ರಲ್ಲಿ ಒಂದು ದಿನ ಕಾರನ್ನೇರಿ ಕುಳಿತಾಗ ಸ್ಟೀರಿಂಗ್ ಚಕ್ರ ಎದುರಿನ ಫಲಕವನ್ನು ಬಿಟ್ಟು ಮುಂದಕ್ಕೆ ಬಂದು ನಿಂತಿತ್ತು! ಮುಂದೆ ಚಳಿಗಾಲ ಬಂತು. ಅದುವರೆಗೆ ಹಿಮ ಬೀಳುವುದೆಂದರೆ ಕಣ್ಣೆದುರು ಒಂದು ತೆರೆ ಇಳಿದಂತೆ. ಈಗ ಒಂದೊಂದು ಹಿಮದ ಹಳಕೂ ತನ್ನ ತನ್ನ ಜಾಗದಲ್ಲಿ ಇಳಿಯುತ್ತಿತ್ತು, ನಡುವೆ ಬಯಲಿತ್ತು, ಆ ಬಯಲಿನಲ್ಲಿ ಅವರೂ ಇದ್ದರು. ಆಲಿವರ್ ಸ್ಯಾಕ್ಸ್ 2006ರಲ್ಲಿ ಈ ವೃತ್ತಾಂತವನ್ನು ಬರೆದು ಲೋಕಕ್ಕೆ ತಿಳಿಸಿದರು.

ಆದರೆ ಮಣಿ ನೋಡೆಂದರೆ ಮಗು ಎಷ್ಟು ಹೊತ್ತು ನೋಡೀತು? ಒಳ್ಳೆಯ ಕಣ್ಣಿಗೆ ಪಟ್ಟಿ ಅಂಟಿಸಿ ಮಂದಗಣ್ಣಿಗೆ ದುಡಿಮೆ ಕೊಡುವ ಹಳೆಯ ಚಿಕಿತ್ಸೆಯ ರಗಳೆ ತಾಯಂದಿರಿಗೇ ಗೊತ್ತು. ಇಲ್ಲಿ ವಿಡಿಯೊ ಆಟ ಪ್ರವೇಶಿಸಿತು. ಕೆನಡದ ಸಂಶೋಧಕರು 2013ರಲ್ಲಿ ಟೆಟ್ರಿಸ್ ಆಟವನ್ನು ಎರಡು ಪಾಲು ಮಾಡಿದರು: ಬೀಳುವ ಇಟ್ಟಿಗೆಗಳು ಒಂದು ಕಣ್ಣಿಗೆ, ಕೆಳಗೆ ಕಟ್ಟಿದ ಗೋಡೆ ಇನ್ನೊಂದಕ್ಕೆ. ಕಣ್ಣುಗಳು ಸಹಕರಿಸದೆ ಗೆಲುವಿಲ್ಲ. ಹದಿನೆಂಟು ವಯಸ್ಕರಲ್ಲಿ ನಡೆಸಿದ ಪರೀಕ್ಷೆಯಲ್ಲಿ ಫಲ ಕಂಡಿತು. ಅದೇ ವರ್ಷ ಜೇಮ್ಸ್ ಬ್ಲಾಹ ಎಂಬ ತರುಣ ತನ್ನದೇ ಕಣ್ಣಿನ ಮದ್ದಿಗೆಂದು ಹೆಡ್‌ಸೆಟ್ಟಿನ ಆಟವೊಂದನ್ನು ರಚಿಸಿದ; ಅದರಲ್ಲಿ ಮಂದಗಣ್ಣಿಗೆ ಬೆಳಕು ಹೆಚ್ಚು, ಬಲವಾದ ಕಣ್ಣಿಗೆ ಕಡಿಮೆ.

ಆಟ ರಚಿಸುವವನ ಕಷ್ಟ ಇಲ್ಲಿಂದಲೇ ಮೊದಲಾಗುತ್ತದೆ. ಸುಲಭ ಮಾಡಿದರೆ ಕಣ್ಣು ದುಡಿಯದು; ಕಠಿಣವಾದರೆ ಮಗು ಎದ್ದು ಹೋಗುವುದು. 2016ರಲ್ಲಿ ಪ್ರಕಟವಾದ, 385 ಮಕ್ಕಳ ಮೇಲೆ ನಡೆದ ಪರೀಕ್ಷೆಯಲ್ಲಿ ಇಂಥ ಆಟ ಹಳೆಯ ಪಟ್ಟಿಗಿಂತ ಮೇಲೆಂದು ಸಿದ್ಧವಾಗಲಿಲ್ಲ. ನಿಗದಿಯಾದ ಆಟದ ಮುಕ್ಕಾಲು ಪಾಲನ್ನು ಮೀರಿ ಆಡಿದವರು ನಾಲ್ವರಲ್ಲಿ ಒಬ್ಬರೂ ಇರಲಿಲ್ಲ. ಆಡೆಂದು ಗದರಿಸಿದರೆ ಆಟವೂ ಮನೆಪಾಠವಾಗುತ್ತದೆ, ಪಾಪ!

2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 4ರಿಂದ 7 ವರ್ಷದ ಮಕ್ಕಳಿಗೆಂದು ಒಪ್ಪಿದ ಹೆಡ್‌ಸೆಟ್ಟಿನಲ್ಲಿ ಗೆಲುವು ಸೋಲುಗಳ ಗೊಡವೆಯೇ ಇಲ್ಲ. ಮಗು ತನಗೆ ಮೆಚ್ಚಿನ ಟೆಲಿವಿಷನ್ ಕಾರ್ಯಕ್ರಮವನ್ನು ನೋಡುತ್ತ ಕೂರುತ್ತದೆ, ದಿನಕ್ಕೊಂದು ಗಂಟೆ. ಚಿತ್ರದ ಕೆಲವು ತುಣುಕು ಎಡಗಣ್ಣಿಗೆ ಮರೆ, ಕೆಲವು ಬಲಗಣ್ಣಿಗೆ. ಕಥೆಯ ಕರಡಿ ಇಡಿಯಾಗಿ ಕಾಣಬೇಕಾದರೆ ಎರಡೂ ಕಣ್ಣು ತೆರೆದಿರಲೇಬೇಕು.