ನೆಟ್ಟಗೆ ನಿಂತ ದೇಹ: ಕೆಲವು ಟಿಪ್ಪಣಿಗಳು

1
ಪಾಠ ಶುರುವಾಗುವುದು ನಿಲ್ಲುವುದರಿಂದ. ನೆಟ್ಟಗೆ ನಿಂತು, ಎದುರಿಗೆ ನೋಡುತ್ತ, ಪಾದ ಜೋಡಿಸಿ, ಕೈ ಇಳಿಬಿಟ್ಟು, ಅಂಗೈ ಮುಂದೆ ಮಾಡಬೇಕು. ಇದು ‘ಅನಟಾಮಿಕಲ್ ಪೊಸಿಷನ್’. ಎಂಬಿಬಿಎಸ್, ನರ್ಸಿಂಗ್, ಫಿಸಿಯೋಥೆರಪಿ, ಎಲ್ಲರಿಗೂ ಇದೇ. ಬಸ್ ಸ್ಟಾಪಿನಲ್ಲಿ ಯಾರೂ ಹೀಗೆ ನಿಲ್ಲುವುದಿಲ್ಲ. ಸುಮ್ಮನೆ ನಿಂತವರ ಅಂಗೈ ತೊಡೆಯ ಕಡೆಗಿರುತ್ತದೆ.

2
ಅಂಗೈ ಮುಂದೇಕೆ? ಮುಂಗೈಯಲ್ಲಿ ಎರಡು ಮೂಳೆ, ರೇಡಿಯಸ್ ಮತ್ತು ಅಲ್ನಾ. ಅಂಗೈ ಮುಂದಿದ್ದರೆ ಅವು ಪಕ್ಕಪಕ್ಕ. ಹಿಂದಕ್ಕೆ ತಿರುಗಿಸಿದರೆ ರೇಡಿಯಸ್ ಅಲ್ನಾವನ್ನು ಅಡ್ಡ ಹಾಯುತ್ತದೆ. ಇನ್ನೊಂದು ಕೈಯಲ್ಲಿ ಮುಂಗೈ ಹಿಡಿದು ತಿರುಗಿಸಿದರೆ ಗೊತ್ತಾಗುತ್ತದೆ.

3
ಡಿಸೆಕ್ಷನ್ ಹಾಲಿನಲ್ಲಿ ದೇಹ ಮಲಗಿದೆ. ಮಾತೆಲ್ಲ ಅದು ನಿಂತಿದೆ ಎಂಬ ಲೆಕ್ಕದಲ್ಲಿ. ತಲೆಯ ಕಡೆ ‘ಸುಪೀರಿಯರ್’, ಪಾದದ ಕಡೆ ‘ಇನ್‌ಫೀರಿಯರ್’. ಬೋರಲು ಮಲಗಿಸಿದರೂ ಎದೆ ‘ಆಂಟೀರಿಯರ್’. ಟೇಬಲ್ಲಿಗೆ ತಾಗಿದ ಮೈಯೇ ಮುಂಭಾಗ.

4
ಬಲ ಎಂದರೆ ದೇಹದ ಬಲ, ನೋಡುವವರದ್ದಲ್ಲ. ಎಕ್ಸ್‌ರೇಯಲ್ಲಿ ಹೃದಯದ ತುದಿ ನಮ್ಮ ಬಲಕ್ಕೆ ಕಾಣುತ್ತದೆ. ಅದು ರೋಗಿಯ ಎಡ. ಸಿಟಿ ಸ್ಕ್ಯಾನಿನ ಅಡ್ಡ ಸೀಳನ್ನು ಪಾದದ ಕಡೆಯಿಂದ ನೋಡಿದಂತೆ ಓದಬೇಕು. ಮೊದಲ ವರ್ಷದವರು ಚಿತ್ರ ನೋಡುವಾಗ ತಮ್ಮ ಕೈ ಎತ್ತಿ ನೋಡಿಕೊಳ್ಳುತ್ತಾರೆ.

ಆಪರೇಷನ್ನಿಗೆ ಮೊದಲು, ರೋಗಿಗೆ ಎಚ್ಚರವಿರುವಾಗಲೇ, ಚರ್ಮದ ಮೇಲೆ ಪೆನ್ನಿನಿಂದ ಗುರುತು ಹಾಕುತ್ತಾರೆ. ಯಾವ ಕಾಲು, ಯಾವ ಕಣ್ಣು ಎಂದು. ಹೆಸರು ಗೊತ್ತಿದ್ದೂ ಗುರುತು ಬೇಕು.

5
ಹೃದಯದ ‘ಬಲ’ ಭಾಗ ಬಹುಮಟ್ಟಿಗೆ ಮುಂದಿದೆ. ‘ಎಡ’ ಹೃತ್ಕರ್ಣ ಹಿಂದಿದೆ, ಅನ್ನನಾಳದ ಎದುರಿಗೆ.

6
ಮನೆಯಲ್ಲಿ ‘ಕೈ ನೋವು’ ಎಂದರೆ ಭುಜದಿಂದ ಬೆರಳ ತುದಿಯವರೆಗೆ ಎಲ್ಲಾದರೂ ಇರಬಹುದು. ಅನಾಟಮಿಯ ‘ಆರ್ಮ್’ ಮೊಣಕೈಗೆ ಮುಗಿಯುತ್ತದೆ. ‘ಲೆಗ್’ ಮಂಡಿಯಿಂದ ಕೆಳಗೆ ಮಾತ್ರ. ತೊಡೆ ಲೆಗ್ ಅಲ್ಲ.

7
ಆರ್ಟರಿ ಎಂದರೆ ಹೃದಯದಿಂದ ಹೊರಗೆ ಹೋಗುವುದು. ವೇನ್ ಎಂದರೆ ಒಳಗೆ ಬರುವುದು. ಶ್ವಾಸಕೋಶಕ್ಕೆ ಹೋಗುವ ಆರ್ಟರಿಯಲ್ಲಿ ಆಮ್ಲಜನಕ ಕಡಿಮೆ. ಹೊಕ್ಕುಳಬಳ್ಳಿಯ ವೇನಿನಲ್ಲಿ ಹೆಚ್ಚು. ರಕ್ತದ ಬಣ್ಣ ಲೆಕ್ಕಕ್ಕಿಲ್ಲ, ದಿಕ್ಕು ಲೆಕ್ಕಕ್ಕಿದೆ.

8
ದೇಹದೊಳಗೆ ಇರುವವು: ಕಿವಿಯಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು, ಬಸವನಹುಳು. ಮಿದುಳಿನಲ್ಲಿ ಕಡಲಕುದುರೆ, ಬಾದಾಮಿ. ತಲೆಬುರುಡೆಯ ತಳದಲ್ಲಿ ತುರ್ಕಿ ಜೀನು. ಅದರ ಮೇಲೆ ಪಿಟ್ಯುಟರಿ ಕೂತಿದೆ. ಮಣಿಕಟ್ಟಿನಲ್ಲಿ ದೋಣಿ, ಚಂದ್ರ, ಬಟಾಣಿ, ಕೊಕ್ಕೆ. ಬೆನ್ನಿನ ಕೊನೆಗೆ ಕೋಗಿಲೆ. ತೊಡೆಯ ಮೇಲೆ ಓರೆಯಾಗಿ ದರ್ಜಿಯ ಸ್ನಾಯು, ದೇಹದಲ್ಲೇ ಉದ್ದನೆಯದು. ಲ್ಯಾಟಿನ್, ಗ್ರೀಕ್ ಓದದ ವಿದ್ಯಾರ್ಥಿ ಇವುಗಳನ್ನು ಬರಿಯ ಶಬ್ದವಾಗಿ ಬಾಯಿಪಾಠ ಮಾಡುತ್ತಾನೆ. ದೋಣಿಯನ್ನು ಹೇಳುತ್ತಾನೆ, ದೋಣಿ ಕಾಣುವುದಿಲ್ಲ. ಯಾರಾದರೂ ಹೇಳಬೇಕು.

9
ಸೊಂಟದ ಮೂಳೆಯ ಹಳೆಯ ಹೆಸರು ‘ಇನ್ನಾಮಿನೇಟ್’. ಹೆಸರಿಲ್ಲದ್ದು ಎಂದರ್ಥ. ಮೂರು ಮೂಳೆ ಬೆಸೆದು ಅದು ಆಗಿದೆ. ಮೂರಕ್ಕೂ ಬೇರೆ ಬೇರೆ ಹೆಸರಿದೆ.

10
ದೇಹದಾನ ಮಾಡಿದವರ ಹೆಸರು ಟೇಬಲ್ಲಿನ ಬಳಿ ಇರುವುದಿಲ್ಲ. ಮುಟ್ಟುವ ಮೊದಲು ವಿದ್ಯಾರ್ಥಿಗಳು ನಿಂತು ಪ್ರಮಾಣ ಓದುತ್ತಾರೆ. ಆ ದೇಹವನ್ನು ‘ಮೊದಲ ಗುರು’ ಎನ್ನುತ್ತಾರೆ.

11
ಸೊಂಟದ ಆ ಮೂರು ಮೂಳೆಗಳಲ್ಲಿ ಒಂದು ‘ಇಲಿಯಮ್’. ಸಣ್ಣ ಕರುಳಿನ ಕೊನೆಯ ಭಾಗವೂ ‘ಇಲಿಯಮ್’. ಇಂಗ್ಲಿಷಿನಲ್ಲಿ ಒಂದಕ್ಷರ ಬೇರೆ. ಕನ್ನಡದಲ್ಲಿ ಬರೆದರೆ ಅದೂ ಇಲ್ಲ.

12
1895ಕ್ಕೆ ಮೊದಲು ಐವತ್ತು ಸಾವಿರದಷ್ಟು ಹೆಸರು ಚಾಲ್ತಿಯಲ್ಲಿದ್ದವಂತೆ. ಒಂದೇ ಭಾಗಕ್ಕೆ ಹಲವು. ಆ ವರ್ಷ ಸ್ವಿಟ್ಜರ್ಲೆಂಡಿನ ಬಾಸೆಲ್ಲಿನಲ್ಲಿ ಒಪ್ಪಿದ ಪಟ್ಟಿ ಐದು ಸಾವಿರದ ಆಸುಪಾಸಿಗೆ ಇಳಿಯಿತು. ಹೊಸ ಭಾಗ ಹುಡುಕುವಷ್ಟೇ ದೊಡ್ಡ ಕೆಲಸ ಇದು ಎನಿಸುತ್ತದೆ.

13
ದೊಡ್ಡವರಲ್ಲಿ ಮೂಳೆ 206. ಹುಟ್ಟಿದ ಮಗುವಿನಲ್ಲಿ ಇನ್ನೂ ಹೆಚ್ಚು, ಬೆಳೆಯುತ್ತ ಬೆಸೆದುಕೊಳ್ಳುತ್ತವೆ. ಸುಶ್ರುತನ ಎಣಿಕೆ 300, ಚರಕನದು 360. ಚರಕ ಹಲ್ಲು, ಹಲ್ಲಿನ ಗೂಡು, ಉಗುರುಗಳನ್ನೂ ಸೇರಿಸುತ್ತಾನೆ. ಬಿಎಎಂಎಸ್ ಸೇರಿದ ಹುಡುಗಿಗೆ ಮೂರೂ ಸಂಖ್ಯೆ ಬೇಕು. ಯಾವುದನ್ನು ಮೂಳೆ ಎನ್ನಬೇಕು ಎಂಬುದು ಮೊದಲು, ಎಣಿಕೆ ಆಮೇಲೆ.

14
‘ಅಕ್ಯೂಟ್’ ಎಂದರೆ ಜೋರು ಎಂದಲ್ಲ, ಥಟ್ಟನೆ ಬಂದದ್ದು. ‘ಪಾಸಿಟಿವ್’ ಕೆಟ್ಟ ಸುದ್ದಿಯಾಗಬಹುದು. ಇದು 2020ರಲ್ಲಿ ಊರೂರಿಗೂ ಗೊತ್ತಾಯಿತು. ‘ಇಡಿಯೋಪತಿಕ್’ ಎಂದರೆ ಕಾರಣ ತಿಳಿಯದ್ದು.

15
ರೋಗಿ ಹೇಳುವುದು ಸಿಂಪ್ಟಮ್. ವೈದ್ಯರಿಗೆ ಕಂಡದ್ದು ಸೈನ್. ನೋವು ಮೊದಲನೆಯದು, ಊತ ಎರಡನೆಯದು.

16
‘ನಂಗೆ ಬಿಪಿ ಇದೆ.’ ಎಲ್ಲರಿಗೂ ಇದೆ. ‘ಗ್ಯಾಸ್ಟ್ರಿಕ್ ಆಗಿದೆ’ ಎನ್ನುತ್ತ ಎದೆಯ ಮೇಲೆ ಕೈಯಿಡುತ್ತಾರೆ. ಆ ಕೈ ಎಲ್ಲಿದೆ ಎಂದು ನೋಡುವುದನ್ನು ಕಲಿಯಬೇಕು. ಹೃದಯಾಘಾತವೂ ಕೆಲವೊಮ್ಮೆ ಇದೇ ಹೆಸರಲ್ಲಿ ಬರುತ್ತದೆ.

17
ಉತ್ತರ ಕರ್ನಾಟಕದಲ್ಲಿ ‘ಜ್ವರಾ ಬಂದಾವ್ರಿ’ ಎನ್ನುತ್ತಾರೆ, ಬಹುವಚನ. ಕೇಸ್ ಶೀಟಿನಲ್ಲಿ ಜ್ವರ ಒಂದೇ.

18
2019ರ ಹೊಸ ಪಠ್ಯಕ್ರಮದಿಂದ ಎಂಬಿಬಿಎಸ್ ಆರಂಭದಲ್ಲಿ ಸ್ಥಳೀಯ ಭಾಷೆಯ ತರಗತಿಯೂ ಇದೆ. ಹೊರರಾಜ್ಯದಿಂದ ಬಂದವರು ‘ಎಲ್ಲಿ ನೋವು?’, ‘ಎಷ್ಟು ದಿನದಿಂದ?’ ಬರೆದುಕೊಳ್ಳುತ್ತಾರೆ. ‘ಸುಸ್ತು’ ಎಂಬುದಕ್ಕೆ ಮಾತ್ರ ಒಂದೇ ಪ್ರಶ್ನೆ ಸಾಲದು. ನಿದ್ದೆ ಬರಲ್ವಾ ಅಮ್ಮ? ಊಟ ಸೇರಲ್ವಾ? ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಾ? ಮೂರಕ್ಕೂ ಬೇರೆ ಬೇರೆ ಗ್ರೀಕ್ ಅಥವಾ ಲ್ಯಾಟಿನ್ ಪದವಿದೆ. ಅಮ್ಮ ಮೂರಕ್ಕೂ ಹೌದು ಎನ್ನುತ್ತಾರೆ.